ಮೂರು ಮುದ್ದೆಯಷ್ಟು ಹೊತ್ತು

ಮಳವಳ್ಳಿ
13-3-2025, ಗುರುವಾರ
ಬೆಳಿಗ್ಗೆ ಒಂಬತ್ತೂವರೆ

ಮಗಳೇ ಚಂದನಾ,

ನಿನ್ನ ಅತ್ತೆ ಚಿಕ್ಕಬೋರಮ್ಮನ ಆಶೀರ್ವಾದ. ನಾವೆಲ್ಲ ಚೆನ್ನಾಗಿದ್ದೇವೆ ಅಂತ ಮೊದಲ ಸಾಲು ಬರೆದು ಹೊಡೆದು ಹಾಕಿದೆ. ಈ ಕಾಗದ ಸುಳ್ಳಿನಿಂದ ಶುರುವಾಗುವುದು ಬೇಡ. ನೀನು ಫೋನ್ ಎತ್ತುತ್ತಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು ಬಿಡು. ಫೋನಿನಲ್ಲಾದರೆ ಅತ್ತು ಗೋಳಾಡಿ ಇಟ್ಟುಬಿಡುತ್ತಿದ್ದೆ, ಹೇಳಬೇಕಾದ್ದು ಬಾಯಿಗೆ ಬರುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಹುಡುಗರ ತಿಂಡಿ ಮುಗಿಸಿ, ಮೈಗೆ ಹುಷಾರಿಲ್ಲ ಅಂತ ಹೇಳಿ ಮನೆಗೆ ಬಂದು ಕೂತಿದ್ದೇನೆ. ನಿನ್ನ ಗಂಡ ಒಳಗೆ ಮಲಗಿದ್ದಾನೆ. ಅವನ ಉಸಿರು ಕೇಳಲಿ ಅಂತ ಬಾಗಿಲು ತೆರೆದೇ ಇಟ್ಟಿದ್ದೇನೆ.

ಸೋಮವಾರ ನಿಮ್ಮಪ್ಪ ಅಂಕಯ್ಯನವರು ನಿಮ್ಮೂರು ಆತಗೂರಿನಲ್ಲಿ ಹಿರಿಯರನ್ನು ಕೂಡಿಸಿ ನಿಮ್ಮಿಬ್ಬರ ಸಂಬಂಧ ಕಡಿಸುತ್ತಾರಂತೆ. ನೀನು ಹೇಳಿದ್ದೂ ನನ್ನ ಕಿವಿಗೆ ಬಿತ್ತು. ಮಾತ್ರೆ ತಿಂದಿದ್ದಕ್ಕಲ್ಲ, ಕರ್ಪೂರ ಹಿಡಿದು ಸುಳ್ಳು ಹೇಳಿದ್ದಕ್ಕೆ ಬಿಟ್ಟು ಬಂದೆ ಅಂದೆಯಂತೆ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಗಂಡ ಸಿದ್ದರಾಮು ಸುಳ್ಳು ಹೇಳಲಿಲ್ಲ ಕಣಮ್ಮ. ಮಾತ್ರೆ ಅವನ ಹೊಟ್ಟೆಗೆ ಹೋಗಿದ್ದು ನಿಜ. ಆದರೆ ಅವನಾಗಿ ತಿಂದಿದ್ದಲ್ಲ, ನಾನು ತಿನ್ನಿಸಿದ್ದು.

ಕೋಪ ಬಂದರೆ ಬರಲಿ, ಪೂರ್ತಿ ಓದು.

ಎರಡು ವರ್ಷದ ಕೆಳಗೆ ಕಬಡ್ಡಿ ಅಂಕಣದಲ್ಲಿ ಅವನ ಮಂಡಿ ತಿರುಚಿಕೊಂಡಾಗ ಟೀಮಿನ ಡಾಕ್ಟರು ಸೂಜಿ ಚುಚ್ಚಿ, ಇನ್ನು ನೋವಿರಲ್ಲ ಆಡು ಅಂತ ಕಳಿಸಿದರು. ಸೂಜಿ ಆದ ಮೇಲೆ ಮಾತ್ರೆ ಬಂತು. ನೋವಿಗೆ ಅಂತ ಶುರುವಾದದ್ದು ನೋವಿಲ್ಲದಾಗಲೂ ಬೇಕಾಯಿತು. ಅದು ಅಫೀಮಿನ ಜಾತಿಯ ಮಾತ್ರೆ ಅಂತ ನನಗೆ ಬಿಡಿಸಿ ಹೇಳಿದವಳು ನೀನೇ. ಮದ್ದೂರಿನ ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುವವಳು, ಮೊದಮೊದಲು ಚೀಟಿಯಿಲ್ಲದೆ ತಂದುಕೊಟ್ಟವಳೂ ನೀನೇ, ಆಮೇಲೆ ಕಾಲಿಗೆ ಬಿದ್ದು ಬಿಡಿಸಿದವಳೂ ನೀನೇ. ನಿನ್ನನ್ನು ಚುಚ್ಚಲು ಬರೆಯುತ್ತಿಲ್ಲ. ನನ್ನ ತಪ್ಪಿನ ಮುಂದೆ ನಿನ್ನದು ಏನೂ ಅಲ್ಲ.

ದೀಪಾವಳಿ ಪಾಡ್ಯಮಿಯಂದು ಅವನು ಬಿಟ್ಟದ್ದು ನೆನಪಿದೆಯಲ್ಲ. ನಾಲ್ಕು ದಿನ ಬೆವರಿದ, ವಾಂತಿ ಮಾಡಿದ, ಮೂಗು ಕಣ್ಣು ಸುರಿಯಿತು. ನೀನು ಪಕ್ಕದಲ್ಲೇ ಕೂತು ಹಣೆ ಒರೆಸಿದೆ. ಐದನೆಯ ದಿನ ನೀನು ಕೆಲಸಕ್ಕೆ ಅಂತ ಮದ್ದೂರಿನ ಬಸ್ಸು ಹತ್ತಿದೆ. ಅವನು ನೆಲದ ಮೇಲೆ ಬಿದ್ದು ಕಾಲು ಒದರುತ್ತಾ, ಈ ಕಾಲ ಕತ್ತರಿಸಾಕವ್ವ, ನಿನ್ ದಮ್ಮಯ್ಯ ಅಂತೀನಿ ಅಂದ. ಹೆತ್ತವಳಿಗೆ ಅದನ್ನು ನೋಡಲಾಗುತ್ತದಾ? ಹಾಸ್ಟೆಲಿನಲ್ಲಿ ನೂರೈವತ್ತು ಹುಡುಗರಿಗೆ ಮುದ್ದೆ ತಿರುವಿ ತಿರುವಿ ನನ್ನ ಭುಜ ಹಿಡಿದುಕೊಂಡಿತ್ತಲ್ಲ, ಅದಕ್ಕೆ ಮಂಡ್ಯದ ಡಾಕ್ಟರು ಬರೆದುಕೊಟ್ಟಿದ್ದ ಮಾತ್ರೆ ಡಬ್ಬಿಯಲ್ಲಿತ್ತು. ಸ್ಟ್ರಿಪ್ಪಿನ ಮೇಲೆ ಅದೇ ಹೆಸರು. ಕೇಳಿದರೆ ಬೇಡ ಅನ್ನುತ್ತಿದ್ದ, ನಿನಗೆ ಮಾತು ಕೊಟ್ಟಿದ್ದ. ಅದಕ್ಕೆ ನಾನು ಕೇಳಲಿಲ್ಲ. ಮುದ್ದೆಯ ನಡುವೆ ಒಂದು ಮಾತ್ರೆ ಇಟ್ಟು ಕಟ್ಟಿ, ಅವರೆಕಾಳಿನ ಸಾರು ಬಿಟ್ಟು ಮುಂದಿಟ್ಟೆ. ನಮ್ಮ ಸೀಮೆಯಲ್ಲಿ ಮುದ್ದೆ ಅಗಿಯುವವರು ಯಾರಿದ್ದಾರೆ, ಅದ್ದಿಕೊಂಡು ನುಂಗುವುದು ತಾನೆ. ನಾಲಿಗೆಗೆ ಗೊತ್ತಾಗುವ ಮೊದಲೇ ಗಂಟಲು ದಾಟಿರುತ್ತದೆ.

ಸಂಜೆ ನೀನು ಬಂದಾಗ ಅವನು ಜಗಲಿಯ ಮೇಲೆ ಕೂತು ನಗುತ್ತಿದ್ದ. ಮಾರಮ್ಮ ಕಣ್ಣು ಬಿಟ್ಟಳು ಅತ್ತೆ ಅಂತ ನೀನು ತುಪ್ಪದ ದೀಪ ಹಚ್ಚಿದೆ. ನಾನೂ ನಿನ್ನ ಪಕ್ಕ ನಿಂತು ಕೈ ಮುಗಿದೆ, ಪಾಪಿ.

ಒಂದೇ ದಿನಕ್ಕೆ ಅಂದುಕೊಂಡಿದ್ದೆ. ಮಾರನೆಯ ದಿನ ಹಾಕದೆ ಇರಲು ಧೈರ್ಯ ಸಾಲಲಿಲ್ಲ. ನನ್ನ ಭುಜ ನೋವಿನಲ್ಲಿ ಸಿಡಿಯುತ್ತಿತ್ತು, ನನ್ನ ಪಾಲಿನದನ್ನು ಅವನ ಮುದ್ದೆಗೆ ಹಾಕುತ್ತಿದ್ದೆ. ಡಿಸೆಂಬರಿಗೆ ಒಂದು ಹೋಗಿ ಎರಡಾಯಿತು, ಸಂಕ್ರಾಂತಿ ಕಳೆದ ಮೇಲೆ ಮೂರು. ಮಂಡ್ಯದ ಚೀಟಿ ಮುಗಿದಾಗ ಮದ್ದೂರಿನ ಇನ್ನೊಬ್ಬ ಡಾಕ್ಟರ ಹತ್ತಿರ ಭುಜ ತೋರಿಸಿ ಬರೆಸಿಕೊಂಡೆ.

ಮೈಸೂರಿನಲ್ಲಿ ಲೀಗ್ ಪಂದ್ಯ ನಡೆದ ದಿನಗಳಲ್ಲಿ ಟೀಮಿನವರು ಅವನಿಗೆ ದೊಡ್ಡ ಹೋಟೆಲಿನಲ್ಲಿ ರೂಮು ಕೊಟ್ಟಿದ್ದರು. ಅವನು ಮಾತ್ರ ದಿನಾ ಬೆಳಿಗ್ಗೆ ಬೈಕಿನಲ್ಲಿ ಇಲ್ಲಿಗೆ ಬಂದು, ಉಂಡು, ಹಿಂದಕ್ಕೆ ಹೋಗುತ್ತಿದ್ದ. ಅವ್ವನ ಮುದ್ದೆ ಬೀಳದೆ ಕಾಲಿಗೆ ಬಲ ಬರಾಕಿಲ್ಲ ಅಂತ ಎಲ್ಲರ ಮುಂದೆ ಹೇಳಿದ. ಪೇಪರಿನವರು ಬಂದು ನಾನು ಮುದ್ದೆ ಬಡಿಸುವ ಫೋಟೋ ತೆಗೆದು ಹಾಕಿದರು. ಅದನ್ನು ನೀನು ಕತ್ತರಿಸಿ ಗೋಡೆಗೆ ಅಂಟಿಸಿದೆ. ಇವತ್ತೂ ಅಲ್ಲೇ ಇದೆ. ಆ ಫೋಟೋದಲ್ಲಿ ನನ್ನ ಕೈಯಲ್ಲಿರುವ ಮುದ್ದೆಯೊಳಗೂ ಎರಡಿದ್ದವು.

ನಿನಗೆ ಹೇಳದ ಇನ್ನೂ ಕೆಲವಿವೆ. ಒಂದು ದಿನ ಅವನು ಅಡುಗೆ ಮನೆಯಲ್ಲಿ, ಒಲೆಯಿಂದ ಇಳಿಸಿದ ಪಾತ್ರೆಗೆ ಪಾದ ಒರಗಿಸಿಕೊಂಡು ಕೂತಿದ್ದ. ಸೀದ ವಾಸನೆ ನನ್ನ ಮೂಗಿಗೆ ಬಂತು, ಅವನಿಗೆ ಬರಲಿಲ್ಲ. ಕಾಲು ಎಳೆದು ನೋಡಿದರೆ ಚರ್ಮ ಪಾತ್ರೆಗೆ ಅಂಟಿಕೊಂಡಿತ್ತು. ಅವನು ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ನೋಡಿದ. ಈ ಕಾಲು ನಂದಲ್ಲ ಕಣವ್ವ, ಯಾರೋ ಒಳ್ಳೇರು ಇಟ್ಟೋಗವ್ರೆ ಅಂದ. ತಮಾಷೆ ಅಂದುಕೊಂಡು ನಗಲು ಮುಖ ಎತ್ತಿದೆ. ಅವನು ನಗುತ್ತಿರಲಿಲ್ಲ. ಕಣ್ಣಿನ ಕಪ್ಪು ಸಾಸಿವೆ ಕಾಳಿನಷ್ಟಾಗಿತ್ತು. ಬಿಸಿಲಿಲ್ಲ, ಬೆಳಕಿಲ್ಲ, ಕಪ್ಪು ಅರಳಬೇಕಾದ ಕತ್ತಲ ಅಡುಗೆ ಮನೆ ಅದು.

ಆಮೇಲೆ ಅವನ ಉಸಿರು. ಇದನ್ನು ಬರೆಯಲು ಹೆದರಿಕೆಯಾಗುತ್ತದೆ. ಅವನು ಏಳನೇ ಕ್ಲಾಸಿನಲ್ಲಿದ್ದಾಗ ನಾನು ಮುದ್ದೆ ಕಟ್ಟುವಾಗ ಪಕ್ಕ ನಿಂತು, ಒಂದೇ ಉಸಿರಿಗೆ ಕಬಡ್ಡಿ ಕಬಡ್ಡಿ ಅಂತ ಹೇಳಿ ಕಲಿಯುತ್ತಿದ್ದ. ನಮ್ಮಲ್ಲಿ ಗಡಿಯಾರ ಎಲ್ಲಿತ್ತು? ಅವನ ದಮ್ಮನ್ನು ಮುದ್ದೆಯಲ್ಲೇ ಅಳೆಯುತ್ತಿದ್ದೆವು. ಮೊದಲು ಎರಡು ಮುದ್ದೆ ಕಟ್ಟುವಷ್ಟು ಹೊತ್ತು ಹೇಳುತ್ತಿದ್ದ. ಹೈಸ್ಕೂಲಿಗೆ ಬರುವಷ್ಟರಲ್ಲಿ ಐದಾಯಿತು. ಐದು ಆಯ್ತು ಕಣ್ಲಾ ಅಂತ ನಾನು ಕೂಗಿದರೆ ಅವರಪ್ಪ ಹಟ್ಟಿಯಿಂದ ಚಪ್ಪಾಳೆ ತಟ್ಟುತ್ತಿದ್ದರು.

ಈಗ ಉಂಡು ಮಧ್ಯಾಹ್ನ ಮಲಗಿದರೆ ಉಸಿರು ಬರುತ್ತದೆ, ಹೋಗುತ್ತದೆ, ಆಮೇಲೆ ನಿಲ್ಲುತ್ತದೆ. ನಾನು ಪಕ್ಕದಲ್ಲಿ ಕೂತು ಬರಿಗೈಯಲ್ಲಿ ಮುದ್ದೆ ಕಟ್ಟುತ್ತೇನೆ. ಹುಚ್ಚಿ ಅಂದುಕೋ, ಕೈ ತಾನಾಗಿ ತಿರುಗುತ್ತದೆ. ಒಂದು ಮುದ್ದೆ ಕಟ್ಟುವಷ್ಟರಲ್ಲಿ ಮತ್ತೆ ಉಸಿರು ಎಳೆಯುತ್ತಿದ್ದ. ಹೋದ ತಿಂಗಳು ಎರಡಾಯಿತು.

ಅಷ್ಟರಲ್ಲಿ, ಲೀಗ್ ಪಂದ್ಯದ ಹೊತ್ತಿಗೆ ಕಮಿಟಿಯವರು ಅವನ ಮೂತ್ರ ತೆಗೆದು ಮಾಡಿಸಿದ್ದ ಪರೀಕ್ಷೆಯ ವರದಿ ಬಂದಿತ್ತು. ಆ ಕಾಗದವನ್ನು ನೀನೇ ನನಗೆ ಓದಿ ಹೇಳಿದೆ. ಮೈಯೊಳಗೆ ಏನೇ ಹೋಗಿರಲಿ, ಹೇಗೇ ಹೋಗಿರಲಿ, ಅದಕ್ಕೆ ಆಟಗಾರನೇ ಹೊಣೆ ಅಂತ ಬರೆದಿತ್ತು. ಸೂಜಿ ಚುಚ್ಚಿದ ಡಾಕ್ಟರ ಹೆಸರು ಅದರಲ್ಲಿಲ್ಲ. ಕುಂಟುತ್ತಿದ್ದವನನ್ನು ಅಂಕಣಕ್ಕೆ ತಳ್ಳಿದವರ ಹೆಸರೂ ಇಲ್ಲ. ನನ್ನ ಹೆಸರು ಅವರಿಗೆ ಗೊತ್ತೇ ಇಲ್ಲ. ಟಿವಿಯವರು ಕಳ್ಳ ಅಂದರು, ಹಾಸ್ಟೆಲಿನ ಹುಡುಗರು ಅವನ ಪೋಸ್ಟರು ಕಿತ್ತರು. ನಾನು ಬಾಯಿ ಮುಚ್ಚಿಕೊಂಡು ಮುದ್ದೆ ತಿರುವಿದೆ. ಥೂ ನನ್ನ ಜನ್ಮಕ್ಕೆ.

ಮಾರಮ್ಮನ ಗುಡಿಯ ಮುಂದೆ ನಡೆದದ್ದನ್ನು ನೀನು ಕಣ್ಣಾರೆ ಕಂಡೆ. ನಿಮ್ಮಪ್ಪ, ನಿಮ್ಮಣ್ಣ, ಊರಿನವರು ಎಲ್ಲ ಇದ್ದರು. ಅಂಗೈ ಮೇಲೆ ಕರ್ಪೂರ ಹೊತ್ತಿಸಿಕೊಂಡು, ದೀಪಾವಳಿಯಿಂದ ಈಚೆಗೆ ಒಂದು ಮಾತ್ರೆನೂ ನನ್ನ ಕೈಯಾರೆ ತಕ್ಕಂಡು ತಿಂದಿಲ್ಲ ಅಂದ. ಕರ್ಪೂರ ಉರಿದು ಮುಗಿಯುವ ತನಕ ಕೈ ಅಲುಗಿಸಲಿಲ್ಲ, ಮುಖ ಕಿವುಚಲಿಲ್ಲ. ಸತ್ಯವಂತ ಕಣಯ್ಯ, ಬೆಂಕೀನೇ ಸುಡ್ನಿಲ್ಲ ಅಂತ ಜನ ಕೈ ಮುಗಿದರು. ನೀನೊಬ್ಬಳೇ ಅವನ ಕೈಯನ್ನು ನೋಡದೆ ಕಣ್ಣನ್ನು ನೋಡಿದೆ. ಅವ್ರಿಗೆ ಸುಟ್ಟಿದ್ದೇ ಗೊತ್ತಾಗ್ನಿಲ್ಲ ಅತ್ತೆ ಅಂತ ನನ್ನ ಕಿವಿಯಲ್ಲಿ ಹೇಳಿ, ಮನೆಗೂ ಬರದೆ ಅಲ್ಲಿಂದಲೇ ಹೊರಟುಹೋದೆ. ಆವತ್ತು ಬೆಳಿಗ್ಗೆಯೂ ಅವನ ಮುದ್ದೆಗೆ ನಾನು ಮೂರನ್ನೂ ತಪ್ಪದೆ ಹಾಕಿದ್ದೆ. ಆಣೆಯಿಡುವಾಗ ನಡುಗಬಾರದು ಅಂತ.

ಅದಕ್ಕೇ ಹೇಳುತ್ತೇನೆ, ಅವನು ಸುಳ್ಳು ಹೇಳಲಿಲ್ಲ. ತಾನು ತಿಂದಿಲ್ಲ ಅಂತಲೇ ತಿಳಿದು ಆಣೆಯಿಟ್ಟ. ಬಾಯಿ ಬಿಡದೆ ನಿಂತ ನಾನು ಸುಳ್ಳಿ. ಸೋಮವಾರ ಹಿರಿಯರ ಮುಂದೆ ಈ ಕಾಗದ ಓದಿಸು. ಕಮಿಟಿಯವರಿಗೂ ನಾನೇ ಬರೆದುಕೊಡುತ್ತೇನೆ. ಬೇಕಾದರೆ ಜೈಲಿಗೆ ಹಾಕಲಿ.

ನಿನ್ನೆ ಮಧ್ಯಾಹ್ನ ಅವನ ಉಸಿರು ಮೂರು ಮುದ್ದೆ ಕಟ್ಟುವಷ್ಟು ಹೊತ್ತು ನಿಂತಿತು. ತುಟಿ ನೇರಳೆ ಹಣ್ಣು ತಿಂದ ಹಾಗೆ ಕಪ್ಪಾಯಿತು. ಕೆನ್ನೆಗೆ ಬಡಿದೆ, ತಣ್ಣೀರು ಎರಚಿದೆ, ಹೆಸರು ಹಿಡಿದು ಕೂಗಿದೆ. ಕೊನೆಗೆ ಸುಂಯ್ ಅಂತ ಉಸಿರು ಎಳೆದುಕೊಂಡು ಕಣ್ಣು ಬಿಟ್ಟ. ಆ ಕಡೆ ಓಗಿ ಗೆರೆ ಮುಟ್ಟಿ ಬಂದೆ ಕಣವ್ವ ಅಂದ. ಯಾರೂ ಇಡೀನಿಲ್ಲ, ಸುಮ್ಕೆ ನಿಂತ್ಕಂಡು ನೋಡ್ತಿದ್ರು, ಅಪ್ಪನೂ ಅಲ್ಲೇ ನಿಂತಿತ್ತು ಅಂದ. ಅವರಪ್ಪ ಹೋಗಿ ಆರು ವರ್ಷವಾಯಿತು. ಚಪ್ಪಾಳೆ ತಟ್ಟಿದರಾ ಅಂತ ಕೇಳಬೇಕು ಅನ್ನಿಸಿತು.

ಉಳಿದ ಸ್ಟ್ರಿಪ್ಪನ್ನು ಹಾಸ್ಟೆಲಿನ ಒಲೆಗೆ ಹಾಕಬೇಕು ಅಂತ ಸೀರೆಯ ಸೆರಗಿಗೆ ಗಂಟು ಹಾಕಿಕೊಂಡಿದ್ದೇನೆ. ಇವತ್ತಿನ ಮುದ್ದೆಗೆ ಏನೂ ಹಾಕುವುದಿಲ್ಲ. ಸಂಜೆಗೆ ಅವನ ಮೈ ಹಿಂಡಲು ಶುರುವಾಗುತ್ತದೆ. ಮಂಡ್ಯದ ಆಸ್ಪತ್ರೆಗೆ ಸೇರಿಸಬೇಕು, ನನ್ನೊಬ್ಬಳ ಕೈಲಿ ಆಗುವುದಿಲ್ಲ. ಹೆಂಡತಿಯಾಗಿ ಬರದಿದ್ದರೆ ಬೇಡ, ಮಾತ್ರೆಯ ಗುಣ ಗೊತ್ತಿರುವವಳಾಗಿ ಬಾ. ಆಮೇಲೆ ನಿನಗೆ ಸರಿ ತೋರಿದ ಹಾಗೆ ಮಾಡು, ನಾನು ಅಡ್ಡ ಬರುವುದಿಲ್ಲ.

ನಿನ್ನ ಮುಖ ನೋಡುವ ಯೋಗ್ಯತೆ ಇಲ್ಲದ,
ನಿನ್ನ ಅತ್ತೆ
ಚಿಕ್ಕಬೋರಮ್ಮ

ಮ.ವಿ.: ಈಗ ಹನ್ನೆರಡು ಗಂಟೆ. ಹಾಸ್ಟೆಲಿನ ಹುಡುಗನೊಬ್ಬನ ಕೈಲಿ ಮಧ್ಯಾಹ್ನದ ಬಸ್ಸಿಗೇ ಕಳಿಸೋಣ ಅಂತ ಕಾಗದ ಮಡಚಿ ಕವರಿಗೆ ಹಾಕಿದ್ದೆ, ಮತ್ತೆ ತೆಗೆದಿದ್ದೇನೆ. ಮೇಲಿನದಷ್ಟನ್ನೇ ಕಳಿಸಿ ಸುಮ್ಮನಿದ್ದರೆ ನೀನು ವಾಪಸು ಬರುತ್ತಿದ್ದೆಯೋ ಏನೋ. ಆದರೂ ಬರೆಯುತ್ತೇನೆ.

ಹನ್ನೊಂದೂವರೆಗೆ ಅವನಿಗೆ ಬಡಿಸಿದೆ. ಬರೀ ರಾಗಿ, ಬೇರೇನೂ ಇಲ್ಲ. ಅವನು ಒಂದು ತುತ್ತು ಮುರಿದು ಬೆರಳಲ್ಲಿ ಒತ್ತಿ ನೋಡಿ ತಟ್ಟೆಯ ಅಂಚಿಗೆ ಇಟ್ಟ. ಇನ್ನೊಂದು ಮುರಿದ, ಒತ್ತಿದ, ಇಟ್ಟ. ಹೀಗೇ ಇಡೀ ಮುದ್ದೆಯನ್ನು ಚೂರು ಚೂರು ಮಾಡಿ, ಒಂದೊಂದನ್ನೂ ಹೆಬ್ಬೆರಳಲ್ಲಿ ಚಪ್ಪಟೆ ಮಾಡಿ ಹುಡುಕಿದ. ಬಾಯಿ ಅಗಿಯುವುದಿಲ್ಲ ಸರಿ, ಆದರೆ ಮುದ್ದೆ ಮುರಿಯುವುದು ಬೆರಳು ತಾನೆ? ರಾಗಿಯಲ್ಲಿ ಒಂದು ಹರಳಿದ್ದರೂ ಬೆರಳಿಗೆ ಸಿಗುತ್ತದೆ. ಮೂವತ್ತು ವರ್ಷದಿಂದ ಮುದ್ದೆ ಕಟ್ಟುತ್ತಿರುವ ನನಗೆ ಇದು ಗೊತ್ತಿರಲಿಲ್ಲ ಅಂತ ಯಾವ ದೇವರ ಮುಂದೆ ಹೇಳಲಿ? ಅವನಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಮೈಸೂರಿನಿಂದ ದಿನಾ ಬೈಕು ಓಡಿಸಿಕೊಂಡು ಬರುತ್ತಿದ್ದದ್ದು ಮುದ್ದೆಗಲ್ಲ. ಕೈಯಾರೆ ತಕ್ಕಂಡು ತಿಂದಿಲ್ಲ ಅಂತ ಆಣೆಯಿಟ್ಟದ್ದೂ ತಿಳಿದೇ. ಅವನಿಗೆ ಗೊತ್ತಿದೆ ಅಂತ ನನಗೂ ಎಲ್ಲೋ ಗೊತ್ತಿತ್ತು ಚಂದನಾ. ಇಬ್ಬರೂ ಒಂದೇ ತಟ್ಟೆಯ ಮುಂದೆ ಕೂತು ಅಷ್ಟು ದಿನ ಸುಮ್ಮನಿದ್ದೆವು.

ಅವನು ತಟ್ಟೆಯನ್ನು ನನ್ನ ಕಡೆಗೆ ಸರಿಸಿ, ಇನ್ನೊಂದು ಮುದ್ದೆ ಆಕವ್ವ ಅಂದ. ಅಷ್ಟೂ ಚೂರು ಹಾಗೇ ಇದ್ದವು, ಒಂದು ತುತ್ತೂ ಬಾಯಿಗೆ ಹೋಗಿರಲಿಲ್ಲ.

ಅವನು ಕಾಯುತ್ತಾ ಒಳಗೆ ಕೂತಿದ್ದಾನೆ. ಪಾತ್ರೆಯಲ್ಲಿ ತಿರುವಿದ ಹಿಟ್ಟು ಇನ್ನೂ ಬಿಸಿಯಾಗಿದೆ. ಸೆರಗಿನ ಗಂಟು ಆಗಲೇ ಬಿಚ್ಚಿದೆ, ಯಾವಾಗ ಬಿಚ್ಚಿದೆನೋ ನನಗೆ ನೆನಪಿಲ್ಲ. ಬೇಗ ಬಾ ಮಗಳೇ. ಅವನ ಮೇಲಲ್ಲ, ನನ್ನ ಈ ಕೈ ಮೇಲೆ ನನಗೆ ನಂಬಿಕೆ ಇಲ್ಲ.