ಮದನಪಲ್ಲಿಯ ಫೈಲು

ನಂಗಲಿ
೧೪-೬-೨೦೨೪, ಶುಕ್ರವಾರ

ರಾಯಲ್ಪಾಡಿನ ಮುನಿಶಾಮಮ್ಮನವರಿಗೆ, ನಂಗಲಿಯ ಅಂಗನವಾಡಿ ಟೀಚರ್ ಭಾರತಮ್ಮ ಮಾಡುವ ನಮಸ್ಕಾರಗಳು.

ಹೆಸರು ನೋಡಿದ ಕೂಡಲೇ ಕಾಗದ ಮಡಿಚಿ ಇಡಬೇಡಿ ಅಕ್ಕ. ಐದು ವರ್ಷದ ಹಿಂದೆ ನಿಮ್ಮನ್ನು ಬೀಗತಿ ಎನ್ನುತ್ತಿದ್ದೆ. ಆ ನೆಂಟಸ್ತಿಕೆಯನ್ನು ಬಾಯಿಗೆ ಬಂದದ್ದು ಮಾತಾಡಿ ನಾನೇ ಹಾಳುಮಾಡಿಕೊಂಡೆ. ನೀವು ನನಗಿಂತ ಎರಡು ವರ್ಷಕ್ಕೆ ದೊಡ್ಡವರು, ಅದಕ್ಕೇ ಅಕ್ಕ ಎನ್ನುತ್ತಿದ್ದೇನೆ. ಬೇಡವೆನಿಸಿದರೆ ಆ ಒಂದು ಪದ ಬಿಟ್ಟು ಓದಿಕೊಳ್ಳಿ. ಫೋನು ಮಾಡಿದ್ದೆ, ನಾಲ್ಕು ಸಲ. ರಿಂಗಾಗಿ ನಿಂತುಹೋಯಿತು. ಎತ್ತದಿದ್ದುದು ನಿಮ್ಮ ತಪ್ಪೆಂದು ಹೇಳುತ್ತಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಎತ್ತಿ, ನಾಲ್ಕು ಮಾತು ಅಂದೇ ಇಡುತ್ತಿದ್ದೆ.

ಈಗ ಮಾವಿನಕಾಯಿ ಕೀಳುವ ಕಾಲ, ನಿಮಗೆ ಕೂರಲೂ ಪುರುಸೊತ್ತಿರುವುದಿಲ್ಲ. ನಿಮ್ಮ ಮಗ ಕದಿರೇಶನಿಗೆ ಮತ್ತೆ ಮದುವೆಯಾಗಿ ಹೆಣ್ಣುಮಗು ಹುಟ್ಟಿದೆ ಎಂದು ಕೇಳಿದೆ. ಮಗು ಚೆನ್ನಾಗಿರಲಿ. ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತೇನೆ, ಈಗ ನೋಡಿದರೆ ಅರ್ಧ ಹಾಳೆ ಸುತ್ತಿದ್ದಾಯಿತು.

ವಿಷಯಕ್ಕೆ ಬರುತ್ತೇನೆ. ನಮ್ಮ ರಂಜಿತಳಿಗೆ ಅಂಗವಿಕಲರ ಸರ್ಟಿಫಿಕೇಟು ಬೇಕೆಂದು ಅರ್ಜಿ ಹಾಕಿದ್ದೇವೆ. ಅವಳು ನಿಮ್ಮ ಮನೆಯಲ್ಲಿದ್ದಾಗ ನೀವು ಮೂರು ಸಲ ಮದನಪಲ್ಲಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದ್ದಿರಲ್ಲ, ಆ ಫೈಲು ಬೇಕು. ಪಂಚಾಯಿತಿಯ ದಿನ ಎಲ್ಲರ ಮುಂದೆ ನಾನು ನೆಲಕ್ಕೆಸೆದೆನಲ್ಲ, ಅದೇ. ಇದೇ ಇಪ್ಪತ್ತಾರನೇ ತಾರೀಕು, ಬುಧವಾರ, ಕೋಲಾರದಲ್ಲಿ ಮತ್ತೆ ಡಾಕ್ಟರುಗಳ ಬೋರ್ಡು ಕೂರುತ್ತದೆ. ಅಷ್ಟರೊಳಗೆ ಹಳೆಯ ಕಾಗದ ಏನೂ ತೋರಿಸದಿದ್ದರೆ ನನ್ನ ಮಗಳ ಅರ್ಜಿ ಅಲ್ಲಿಗೇ ಮುಗಿಯುತ್ತದೆ.

ಅವಳಿಗೀಗ ಮೂವತ್ತೊಂದು. ಬೆಳಿಗ್ಗೆ ನಾನು ಎರಡೂ ಭುಜ ಹಿಡಿದು ಎಬ್ಬಿಸಬೇಕು. ನೆಟ್ಟಗೆ ನಿಲ್ಲುವುದಕ್ಕೆ ಅರ್ಧ ಗಂಟೆ ಬೇಕು. ನಿಮ್ಮಲ್ಲಿಂದ ಬಂದಮೇಲೆ ಎಂಟು ತಿಂಗಳು ನರಸಾಪುರದ ಕಡೆ ಒಂದು ಫ್ಯಾಕ್ಟರಿಗೆ ಹೋದಳು. ದಿನವೆಲ್ಲ ನಿಂತು ಮಾಡುವ ಕೆಲಸ. ಒಂದು ಸಂಜೆ ಫ್ಯಾಕ್ಟರಿ ಬಸ್ಸು ಇಲ್ಲಿ ನಿಂತಾಗ ಮೆಟ್ಟಿಲು ಇಳಿಯಲಾಗದೆ ಬಾಗಿಲಲ್ಲೇ ಕಂಬಿ ಹಿಡಿದುಕೊಂಡು ನಿಂತುಬಿಟ್ಟಳಂತೆ. ಹಿಂದಿನವರು ಬೈದರಂತೆ. ಮಾರನೆಯ ದಿನದಿಂದ ಹೋಗಲಿಲ್ಲ. ಮುಂದಿನ ವರ್ಷ ನನಗೂ ಅಂಗನವಾಡಿ ಮುಗಿಯುತ್ತದೆ. ನನ್ನ ಯಜಮಾನರು ತೀರಿಕೊಂಡಿರುವುದು ನಿಮಗೆ ಗೊತ್ತೇ ಇದೆ. ಸರ್ಟಿಫಿಕೇಟು ಬಂದರೆ ತಿಂಗಳಿಗಿಷ್ಟು ಪಿಂಚಣಿ ಬರುತ್ತದೆ, ಬಸ್ಸಿನ ಪಾಸು ಸಿಗುತ್ತದೆ. ಅವೆಲ್ಲ ಒಂದು ಕಡೆ ಇರಲಿ. ಈ ಹುಡುಗಿಗೆ ನೋವಿರುವುದು ನಿಜ ಎಂದು ಒಬ್ಬರಾದರೂ ಮೊಹರು ಒತ್ತಿ ಬರೆದುಕೊಟ್ಟರೆ ಸಾಕು ಎನಿಸಿದೆ ನನಗೆ. ಕೈಕಾಲು ನೆಟ್ಟಗಿದೆ, ಸೋಮಾರಿ ಎಂದು ಬೀದಿಯವರು ಆಡುವುದನ್ನು ಕೇಳಿ ಕೇಳಿ ಸಾಕಾಗಿದೆ.

ಹೋದ ತಿಂಗಳು ಬೋರ್ಡಿಗೆ ಹೋಗಿದ್ದೆವು. ನನ್ನ ಬುದ್ಧಿ ನೋಡಿ ಅಕ್ಕ. ದೊಡ್ಡ ಡಾಕ್ಟರುಗಳ ಮುಂದೆ ಹೋಗುವುದೆಂದು ಅವಳಿಗೆ ತಲೆಗೆ ಎಣ್ಣೆ ಹಚ್ಚಿ ಬಾಚಿ, ಒಳ್ಳೆಯ ಸೀರೆ ಉಡಿಸಿ, ಕನಕಾಂಬರ ಮುಡಿಸಿದೆ. ಬಸ್ಸಿನ ಕುಲುಕಾಟ ತಡೆಯುವುದಿಲ್ಲವೆಂದು ನೋವಿನ ಮಾತ್ರೆಯನ್ನೂ ನುಂಗಿಸಿದೆ. ಡಾಕ್ಟರು ಬಗ್ಗಮ್ಮ ಎಂದರು, ಬಗ್ಗಿದಳು. ಏಳು ಎಂದರು, ಕೈ ಊರದೆ ಎದ್ದಳು. ಎದ್ದವಳು ಸೆರಗು ಸರಿಮಾಡಿಕೊಳ್ಳುವ ಹಾಗೆ ಒಂದು ಗಳಿಗೆ ನಿಂತಳು. ಸೊಂಟದ ಹತ್ತಿರ ಬೆರಳಿಟ್ಟು ಒತ್ತಿ, ನೋಯುತ್ತಾ ಎಂದು ಕೇಳಿದರು. ಅವಳು ನನ್ನ ಮುಖ ನೋಡಿ ನಕ್ಕಳು. "ಪರವಾಗಿಲ್ಲ ಸಾರ್" ಅಂದಳು.

ಆ ನಗುವನ್ನು ಕಲಿಸಿದವಳು ನಾನು. ಅದನ್ನು ಹೇಳುವುದಕ್ಕೇ ಈ ಕಾಗದ ಇಷ್ಟು ಉದ್ದ ಆಗುತ್ತಿದೆ.

ಅರ್ಜಿಯಲ್ಲಿ ತೊಂದರೆ ಯಾವಾಗಿನಿಂದ ಎಂಬ ಜಾಗದಲ್ಲಿ ಐದು ವರ್ಷದಿಂದ ಎಂದು ನಾನೇ ತುಂಬಿದ್ದೆ. ಅಲ್ಲೂ ಅದನ್ನೇ ಹೇಳಿದೆ. ಆ ಡಾಕ್ಟರು ಒಳ್ಳೆಯವರು, ಗದರಲಿಲ್ಲ. ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿ, "ಇದು ಐದು ವರ್ಷದ್ದಲ್ಲಮ್ಮ, ತುಂಬಾ ಹಳೇದು. ಯಾಕೆ ಮುಚ್ಚಿಡ್ತೀರ? ಹಳೇ ಚೀಟಿ ಏನಿದ್ರೂ ತಗೊಂಡ್ ಬನ್ನಿ. ಎಷ್ಟು ವರ್ಷದಿಂದ ಇದೆ, ಏನು ಔಷಧಿ ಮಾಡ್ಸಿದ್ರಿ ಅಂತ ಗೊತ್ತಾಗ್ದೆ ಇದು ವಾಸಿ ಆಗೋದಲ್ಲ ಅಂತ ನಾನು ಹೆಂಗೆ ಬರೀಲಿ?" ಎಂದರು. ಕಾಯಿಲೆಯ ಹೆಸರನ್ನೂ ಹೇಳಿದರು. ಬೆನ್ನುಮೂಳೆ ಸೊಂಟಕ್ಕೆ ಸೇರುವ ಕಡೆ ಬಾವು ಬಂದು ಕೀಲು ಗಟ್ಟಿಯಾಗುತ್ತಾ ಹೋಗುವುದಂತೆ. ರಂಜಿತ ನೆಲ ನೋಡುತ್ತಾ ಕೂತಿದ್ದಳು. ನನ್ನ ಹತ್ತಿರ ಹಳೆಯ ಚೀಟಿ ಒಂದೂ ಇಲ್ಲ ಅಕ್ಕ. ಇದ್ದವನ್ನೆಲ್ಲ ನಾನು ಸುಟ್ಟುಹಾಕಿದ್ದೇನೆ.

ಅವಳಿಗೆ ನೋವು ಶುರುವಾದದ್ದು ಎರಡನೇ ಪಿಯುಸಿಯಲ್ಲಿ, ಹದಿನೇಳನೇ ವಯಸ್ಸಿಗೆ. ಕೋಲಾರಕ್ಕೆ ಕಾಲೇಜಿಗೆಂದು ಬಸ್ಸಿನಲ್ಲಿ ಹೋಗಿಬರುತ್ತಿದ್ದಳು, ಅದಕ್ಕೇ ಇರಬೇಕೆಂದುಕೊಂಡೆ. ಏಳು ವರ್ಷ ಒಬ್ಬರಲ್ಲ ಒಬ್ಬರು ಡಾಕ್ಟರಿಗೆ ತೋರಿಸಿದೆ. ಚೀಟಿಗಳು, ಎಕ್ಸ್‌ರೇಗಳು ಒಂದು ಚೀಲ ತುಂಬಿದ್ದವು. ನನ್ನ ಅಣ್ಣ ಗಂಗುಲಪ್ಪ ನಿಮ್ಮ ಮನೆಯ ಸಂಬಂಧ ತಂದಾಗ, ಹೆಣ್ಣು ನೋಡಲು ಬಂದವರ ಕಣ್ಣಿಗೆ ಬಿದ್ದೀತೆಂದು ಆ ಚೀಲವನ್ನು ಸ್ನಾನದ ಹಂಡೆಯ ಒಲೆಗೆ ಹಾಕಿದೆ. ಎಕ್ಸ್‌ರೇ ಸುಟ್ಟ ವಾಸನೆ ಹೋಗಲೆಂದು ಸಾಂಬ್ರಾಣಿ ಹಾಕಿದೆ. ಆವತ್ತು ನನಗೆ ಅದು ಸುಳ್ಳು ಅನ್ನಿಸಲೇ ಇಲ್ಲ. ಮಗಳಿಗೆ ಒಂದು ಮನೆ ಆಗಲಿ, ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ.

ನೀವು ಬರುವುದಕ್ಕೆ ಮುಂಚೆ ಹದಿನೈದು ದಿನ ಅವಳಿಗೆ ಚಾಪೆಯ ಮೇಲೆ ಕೂತು ಏಳುವುದನ್ನು ಅಭ್ಯಾಸ ಮಾಡಿಸಿದೆ. ಹಿರಿಯರಿಗೆ ಬಗ್ಗಿ ನಮಸ್ಕಾರ ಮಾಡಿ ಏಳುವಾಗ ನೆಲಕ್ಕೆ ಕೈ ಊರಬಾರದು. ಮುಖ ಕಿವಿಚಬಾರದು. ತಡೆಯಲಾಗದಿದ್ದರೆ ಸೆರಗು ಸರಿಮಾಡುವ ಹಾಗೆ ಒಂದು ಗಳಿಗೆ ನಿಲ್ಲು, ನನ್ನನ್ನು ನೋಡಿ ನಗು. ಅಂಗನವಾಡಿಯ ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸಿದ ಹಾಗೆ ಮಾಡಿಸಿದೆ. ಒಂದು ದಿನ ಅವಳು ಅತ್ತಳು. "ಅಳಬೇಡ ಕಣೇ, ಕಣ್ಣು ಊದ್ಕೊಳ್ತದೆ" ಅಂದೆ. ಆಮೇಲೆ ಅವಳು ನನ್ನೆದುರಿಗೆ ಅಳಲಿಲ್ಲ. ನೀವು ಬಂದ ದಿನ ಅವಳು ಹದಿಮೂರು ಜನಕ್ಕೆ ನಮಸ್ಕಾರ ಮಾಡಿದಳು. ಹುಡುಗಿ ಲಕ್ಷಣವಾಗಿದ್ದಾಳೆ, ನಗುಮುಖ ಎಂದು ನೀವು ಹೊಗಳಿದಿರಿ. ನಾನು ಹೆಮ್ಮೆಪಟ್ಟೆ.

ನಿಮ್ಮ ಮನೆಯಲ್ಲಿ ಏನಾಯಿತೆಂಬುದನ್ನು ಅವಳು ನನಗೆ ಹೇಳಿದ್ದು ಈಗ, ಬೋರ್ಡಿನಿಂದ ವಾಪಸು ಬರುವಾಗ ಬಸ್ಸಿನಲ್ಲಿ. ಬೆಳಗಾಗುವ ಮುಂಚೆ ಅವಳು ಗೋಡೆ ಹಿಡಿದು ನಡೆಯುವುದನ್ನು ನೀವು ನೋಡಿದಿರಂತೆ. ಯಾರಿಗೂ ಹೇಳದೆ ಎಕ್ಕದ ಎಲೆ ಕಾಯಿಸಿ ಸೊಂಟಕ್ಕೆ ಶಾಖ ಕೊಟ್ಟಿರಂತೆ. ಅವಳು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಾಗ, "ಏಡ್ಚೆಯ್ಯಮ್ಮಾ, ಇಕ್ಕಡ ಎವುರೂ ಲೇರು" ಅಂದಿರಂತೆ. ಅತ್ತುಬಿಡಮ್ಮ, ಇಲ್ಲಿ ಯಾರೂ ಇಲ್ಲ ಎಂದು. ಅದನ್ನು ಕೇಳಿ ನನಗೆ ಮೊದಲು ಬಂದದ್ದು ಕೃತಜ್ಞತೆಯಲ್ಲ, ಹೊಟ್ಟೆಕಿಚ್ಚು. ನನ್ನ ಮಗಳು ನಿಮ್ಮ ತೊಡೆಯ ಮೇಲೆ ತಲೆಯಿಟ್ಟು ಅತ್ತಿದ್ದಾಳೆ, ನನ್ನ ತೊಡೆಯ ಮೇಲಲ್ಲ. ಬಸ್ಸು ಮುಳಬಾಗಿಲು ಬರುವವರೆಗೂ ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ಇಂಥ ನಿಮ್ಮನ್ನು ಪಂಚಾಯಿತಿಯಲ್ಲಿ ನಾನು ಏನೇನು ಅಂದೆ. ಕಲ್ಲಿನಂಥ ಹುಡುಗಿಯನ್ನು ತೋಟದಲ್ಲಿ ದುಡಿಸಿ ಸೊಂಟ ಮುರಿದರು ಅಂದೆ. ನೀವು ಕೂಗಾಡಲಿಲ್ಲ. "ನಿಮ್ಮ ಹುಡುಗೀನ ವಾಪಸ್ ಕಳ್ಸಕ್ಕೆ ಕರೆಸಿಲ್ಲ ನಾನು. ಮುಂಚೇನೇ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ಅಂತ ಕೇಳ್ತಾ ಇದೀನಿ ಅಷ್ಟೇ" ಎಂದು ಫೈಲನ್ನು ಹಿರಿಯರ ಕೈಗೆ ಕೊಟ್ಟಿರಿ. ಹದಿನೇಳನೇ ವಯಸ್ಸಿನಿಂದ ನೋವಿದೆ ಎಂದು ಮೊದಲನೆಯ ಹಾಳೆಯಲ್ಲೇ ಇತ್ತು, ಅವರು ಅದನ್ನು ಗಟ್ಟಿಯಾಗಿ ಓದಿದರು. ನಾನು ಅವರ ಕೈಯಿಂದ ಕಿತ್ತುಕೊಂಡು ಎಸೆದೆ. ಗಂಗಮ್ಮನ ಗುಡಿಯ ಮುಂದೆ ಕರ್ಪೂರ ಹಚ್ಚಿ, ಉರಿಯುತ್ತಿದ್ದಾಗಲೇ ಅಂಗೈಯಿಂದ ಆರಿಸಿ ಆಣೆಯಿಟ್ಟೆ. ಮದುವೆಗೆ ಮುಂಚೆ ಇವಳಿಗೆ ಏನೂ ಇರಲಿಲ್ಲ, ಇವಳ ಮೇಲಾಣೆ ಎಂದೆ. ಅವಳು ಅಲ್ಲೇ ನಿಂತಿದ್ದಳು. ಅವಳ ಕೈ ಹಿಡಿದು ಎಳೆದುಕೊಂಡು ಬಂದೆ. ಕದಿರೇಶ ರಸ್ತೆಯವರೆಗೂ ಹಿಂದೆ ಬಂದ, ಪಾಪ.

ಆಣೆ ಸುಳ್ಳು ಅಕ್ಕ. ನೀವು ಕೇಳಿದ್ದು ನಿಜ. ಮುಂಚೆಯೇ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ.

ಇನ್ನೊಂದು ಬರೆಯಬೇಕು. ಇದನ್ನು ಅಣ್ಣನಿಗೂ ಹೇಳಿಲ್ಲ. ಸುಳ್ಳಾಣೆ ಮಾಡಿದರೆ ಯಾರ ಮೇಲೆ ಆಣೆ ಇಟ್ಟೆವೋ ಅವರಿಗೇ ತಗಲುತ್ತದೆ ಎನ್ನುತ್ತಾರೆ. ಬಾಣಂತಿಯರಿಗೆ ಮೂಢನಂಬಿಕೆ ಬೇಡ ಎಂದು ಪಾಠ ಹೇಳುವವಳು ನಾನು. ಆದರೆ ಆ ವರ್ಷದ ಚಳಿಗಾಲದಲ್ಲೇ ಅವಳು ಹಾಸಿಗೆಯಿಂದ ತಾನಾಗಿ ಏಳುವುದು ನಿಂತಿತು. ದಿನಾ ಬೆಳಿಗ್ಗೆ ಭುಜ ಹಿಡಿದು ಎಬ್ಬಿಸುವಾಗ, ಇದನ್ನು ನಾನೇ ಅವಳ ಮೈಮೇಲೆ ತಂದದ್ದು ಎನಿಸುತ್ತದೆ. ಅವಳ ಮುಖ ನೋಡಿ ಹೇಳುವ ಧೈರ್ಯ ಐದು ವರ್ಷದಿಂದ ಬಂದಿಲ್ಲ. ಗಂಗಮ್ಮನಿಗೆ ತಪ್ಪುಕಾಣಿಕೆ ಕಟ್ಟಿಟ್ಟಿದ್ದೇನೆ. ನಿಮ್ಮೂರಿಗೆ ಬಂದು ಒಪ್ಪಿಸುವುದಕ್ಕೆ ಮುಖವಿಲ್ಲ.

ಆ ಫೈಲು ನಿಮ್ಮಲ್ಲಿದ್ದರೆ ಕಳಿಸಿ. ಹಿರಿಯರ ಮುಂದೆ ನಾನು ಬಂದು ತಪ್ಪಾಯಿತು ಎನ್ನಬೇಕೆಂದರೆ ಬರುತ್ತೇನೆ. ಅದೇ ಗುಡಿಯ ಮುಂದೆ ಅನ್ನು ಎಂದರೂ ಅನ್ನುತ್ತೇನೆ. ಬಿಸಾಕಿದ್ದರೆ, ಬಿಸಾಕಿದೆ ಎಂದು ಒಂದು ಮಾತು ತಿಳಿಸಿ. ಅದರಲ್ಲಿ ನಿಮ್ಮ ತಪ್ಪೇನಿಲ್ಲ.

ನಿಮ್ಮ ಪಿನ್‌ಕೋಡು ನನಗೆ ಗೊತ್ತಿಲ್ಲ, ರಂಜಿತಳಿಗೆ ಗೊತ್ತು. ವಿಳಾಸ ಬರೆದು ಪೋಸ್ಟ್ ಮಾಡೆಂದು ಕವರನ್ನು ಅವಳ ಕೈಗೇ ಕೊಡುತ್ತೇನೆ. ಅಂಟಿಸಿಲ್ಲ. ಅವಳು ಓದಿದರೆ ಓದಲಿ.

ನಿಮ್ಮ ಮುಂದೆ ತಲೆತಗ್ಗಿಸಿರುವ
ಭಾರತಮ್ಮ

ವಿ.ಸೂ: ಅತ್ತೆ, ಇದನ್ನು ಬರೆಯುತ್ತಿರುವವಳು ಅಮ್ಮ ಅಲ್ಲ, ನಾನು ರಂಜಿತ. ಫೈಲು ನಿಮ್ಮಲ್ಲಿಲ್ಲ, ಅದು ನಿಮಗೂ ಗೊತ್ತು. ಅಮ್ಮ ಎಸೆದದ್ದನ್ನು ನೀವು ಹೆಕ್ಕಿಕೊಂಡು, ನಾನು ಆಟೋ ಹತ್ತುವಾಗ ನನ್ನ ಬಟ್ಟೆಯ ಚೀಲದೊಳಗೆ ಇಟ್ಟಿರಿ. ಐದು ವರ್ಷದಿಂದ ನನ್ನ ಹತ್ತಿರವೇ ಇದೆ. ಬೋರ್ಡಿಗೆ ಹೋದ ದಿನವೂ ಮನೆಯಲ್ಲಿ ನನ್ನ ಸೀರೆಗಳ ಕೆಳಗಿತ್ತು. ಮದನಪಲ್ಲಿಯ ಡಾಕ್ಟರು ಬರೆದುಕೊಂಡದ್ದು ನನ್ನ ಬಾಯಿಂದ ಬಂದ ಮಾತು. ಅದನ್ನು ತೋರಿಸಿದರೆ ಕರ್ಪೂರ ಆರಿಸಿ ಆಡಿದ ಅಮ್ಮನ ಮಾತನ್ನು ನಾನೇ ಸುಳ್ಳೆಂದು ಬರೆಸಿದ ಹಾಗಾಗುತ್ತಿತ್ತು. ಅದಕ್ಕೇ ತೆಗೆಯಲಿಲ್ಲ. ಆ ಆಣೆ ನನಗೆ ತಗಲಿತೆಂದು ಅವಳು ಕೊರಗುತ್ತಿರುವುದು ಈಗ, ಈ ಕಾಗದ ಓದಿದ ಮೇಲೆ ಗೊತ್ತಾಯಿತು. ಆಗಲೇ ಗೊತ್ತಿದ್ದರೆ ಮೊದಲನೇ ಹಾಳೆ ತೆಗೆದು ಅವಳ ಮುಂದಿಟ್ಟು, ನೋಡಮ್ಮ, ಈ ನೋವು ನಿನ್ನ ಆಣೆಗಿಂತ ಹಳೆಯದು ಎಂದು ತೋರಿಸುತ್ತಿದ್ದೆ. ಇವತ್ತು ತೋರಿಸುತ್ತೇನೆ. ಆದರೂ ಈ ಕಾಗದವನ್ನು ಕಳಿಸುತ್ತಿದ್ದೇನೆ, ಇದು ನಿಮಗೆ ಸೇರಬೇಕಾದದ್ದು. ಇಪ್ಪತ್ತಾರಕ್ಕೆ ಫೈಲು ತೆಗೆದುಕೊಂಡು ಹೋಗುತ್ತೇವೆ. ಈ ಸಲ ಅಮ್ಮನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾನೊಬ್ಬಳೇ ಒಳಗೆ ಹೋಗುತ್ತೇನೆ. ಅವಳು ಎದುರಿಗಿದ್ದರೆ ನನಗೆ ನಗು ಬಂದುಬಿಡುತ್ತದೆ.