ನೀಲಿ ಬಾನಿಯ ಪಾಲು

ವೆದರ್ಸ್‌ಫೀಲ್ಡ್, ಕನೆಕ್ಟಿಕಟ್
ಅಕ್ಟೋಬರ್ ೧೬, ೧೭೬೪, ಮಂಗಳವಾರ

ಮುದ್ದಿನ ಟ್ಯಾಬಿತಾ,

ನಿನ್ನ ಅಕ್ಕ ಗಟ್ಟಿಮುಟ್ಟಾಗಿದ್ದಾಳೆ, ಉಗುರಿನ ನೀಲಿ ಮಾತ್ರ ಇನ್ನೂ ಹೋಗಿಲ್ಲ. ನೀನು, ಸೈಲಸ್, ಮಕ್ಕಳು ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಶುಕ್ರವಾರ ದೋಣಿ ನಿಮ್ಮ ಕಡೆಗೆ ಹೊರಡುತ್ತದೆ. ಅಷ್ಟರೊಳಗೆ ನಿನ್ನನ್ನು ಒಂದು ಮಾತು ಕೇಳಬೇಕು. ನೆಟ್ಟಗೆ ಕೇಳುವ ಅಭ್ಯಾಸ ನನಗಿಲ್ಲವೆಂದು ನಿನಗೆ ಗೊತ್ತು, ಸ್ವಲ್ಪ ಸುತ್ತಿ ಬರುತ್ತೇನೆ.

ಅಮ್ಮನ ಬಣ್ಣದ ಬಾನಿ ಈ ಬೇಸಿಗೆಯ ಕೊನೆಯಲ್ಲಿ ಸೋರತೊಡಗಿತು. ಬಾನಿ ನೆನಪಿದೆಯೇ ಎಂದು ಕೇಳುವುದಿಲ್ಲ. ಮನೆಮಂದಿಯೆಲ್ಲರ ಮೂತ್ರದಲ್ಲಿ ನೀಲಿಯ ಉಂಡೆ ನೆನೆಹಾಕಿದ ಆ ನಾತವನ್ನು ಯಾರು ತಾನೇ ಮರೆತಾರು! ಆದರೂ ಚಳಿಗಾಲದಲ್ಲಿ ಒಲೆ ಮೂಲೆಯ ಆ ಬಾನಿಯ ಮುಚ್ಚಳಕ್ಕಿಂತ ಬೆಚ್ಚನೆಯ ಕೂರುವ ಜಾಗ ನಮಗಿರಲಿಲ್ಲ. ನೂಲು ಅದರೊಳಗಿಂದ ಹಸಿರಾಗಿ ಎದ್ದು ಗಾಳಿ ಸೋಕಿದೊಡನೆ ನೀಲಿಯಾಗುವುದನ್ನು ಮೊದಲು ನೋಡಲು ನಾವಿಬ್ಬರೂ ಎಷ್ಟು ತಳ್ಳಾಡುತ್ತಿದ್ದೆವು. ಈಗಲೂ ಪ್ರತಿ ಸಲ ನನಗೆ ಎದೆ ಹಾರುತ್ತದೆ, ನಂಬುತ್ತೀಯೋ ಬಿಡುತ್ತೀಯೋ.

ಸೈಲಸ್ ನಿನ್ನನ್ನು ನೋಡಲು ಬಂದಾಗ ನೀವಿಬ್ಬರೂ ಕೂರುತ್ತಿದ್ದುದೂ ಅದರ ಮೇಲೇ ಅಲ್ಲವೇ. ಮುಚ್ಚಳ ಜಾರಿ, ಅವನು ಹಿಂಭಾಗ ಮುಳುಗಿಸಿಕೊಂಡು, ಭಾನುವಾರ ಬೇರೆ ಚಲ್ಲಣವಿಲ್ಲದೆ ಅದನ್ನೇ ಹಾಕಿಕೊಂಡು ಸಭಾಮಂದಿರಕ್ಕೆ ಬಂದಿದ್ದ. ಪ್ರಾರ್ಥನೆಗೆ ಎಲ್ಲರೂ ಎದ್ದು ನಿಂತಾಗ ಹಿಂದಿನ ಸಾಲಿನವರಿಗೆಲ್ಲ ಅವನು ಎಲ್ಲಿ ಕೂತಿದ್ದನೆಂದು ತಿಳಿದುಹೋಯಿತು. ಅಮ್ಮ ಕೀರ್ತನೆಯ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ನಕ್ಕಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಪ್ಪ ಮನೆಗೆ ಬಂದವನೇ, "ಇನ್ನು ಹುಡುಗನ್ನ ವಿಚಾರಿಸೋದೇನಿದೆ, ಬಣ್ಣ ಹಚ್ಕೊಂಡಾಯ್ತಲ್ಲ" ಎಂದಿದ್ದ.

ಸೋರುವ ಬಾನಿ ನೋಡಿ ಜೋತಮ್ ಅಣ್ಣ, "ಚೆಲ್ಲಿ ಹೊಸದು ಹಾಕು, ಅದೇನು ಗಂಗಾಳದಲ್ಲಿಟ್ಟ ಜೇನೇ" ಎಂದ. ಅಮ್ಮ ಹಾಸಿಗೆ ಹಿಡಿದಾಗ ಕಲಕುವ ಕೋಲನ್ನು ನನ್ನ ಕೈಗೆ ಕೊಟ್ಟಳು. ಅಂದಿನಿಂದ ಆ ಬಾನಿ ಖಾಲಿಯಾಗಿಲ್ಲ, ತಣ್ಣಗಾಗಿಲ್ಲ; ಒಮ್ಮೆ ತಣಿದರೆ ಒಳಗಿನ ಹುದುಗು ಸತ್ತು ಬಣ್ಣ ಹಿಡಿಯುವುದಿಲ್ಲವಲ್ಲ. ಪೀಪಾಯಿ ಮಾಡುವ ಓಬೆಡ್‌ಗೆ ಹೇಳಿ ಕಳಿಸಿದೆ. ದೋಣಿಕಟ್ಟೆಯ ಹತ್ತಿರ ಅಂಗಡಿಯಿರುವ, ಎತ್ತರದ, ಮಾತು ಕಡಿಮೆಯ ಓಬೆಡ್. ಅವನ ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾದವು, ಮಕ್ಕಳಿಲ್ಲ.

ಅವನು ನೆಲದ ಮೇಲೆ ಮಲಗಿ ಬಾನಿಯನ್ನು ಸುತ್ತಲೂ ತಟ್ಟಿ ಕೇಳಿದ. "ಖಾಲಿ ಮಾಡಿದ್ರೆ ಇವತ್ತೇ ಮುಗ್ಸಿಕೊಡ್ತೀನಿ" ಎಂದ. ಆಗುವುದಿಲ್ಲ ಎಂದೆ. "ಹಾಗಾದ್ರೆ ಹಲಗೆ ಸುತ್ತ ಬಿಗಿದ ಪಟ್ಟೀನ ಒಂದೊಂದೇ ತೆಗೆದು ಹೊಸದು ಕಟ್ಬೇಕು, ಸಂದಿಗೆ ಜೊಂಡು ತುರುಕ್ಬೇಕು. ಎಲ್ಲಾ ಒಟ್ಟಿಗೆ ಬಿಚ್ಚಿದ್ರೆ ನಿಮ್ಮತ್ತಿಗೆ ಅಡಿಗೆಮನೇಲಿ ಈಜ್ಬೇಕಾಗುತ್ತೆ" ಎಂದು ಒಂದು ಪಟ್ಟಿ ಕಟ್ಟಿ ಹೋದ. ಮುಂದಿನ ವಾರ ಇನ್ನೊಂದು. ಅದರ ಮುಂದಿನ ವಾರ ಮತ್ತೊಂದು. ಡಾರ್ಕಸ್ ಅತ್ತಿಗೆ ಹುರುಳಿ ಬೇಯಿಸುತ್ತ, "ಊರಿನ ಪೀಪಾಯಿಗಳಿಗೆಲ್ಲಾ ಓಬೆಡ್ ಕೈ ಚುರುಕಾಗೇ ಇದೆ. ಈ ಬಾನಿ ಹತ್ರ ಬಂದ್ರೆ ಮಾತ್ರ ವಾತ ಹಿಡ್ಯುತ್ತೆ" ಎಂದಳು. ನನ್ನ ಕಿವಿ ಕೆಂಪಾಗಿದ್ದನ್ನು ಅವಳು ನೋಡಿದಳು, ನನಗೆ ಗೊತ್ತು.

ಕೊನೆಯ ಪಟ್ಟಿ ಕಟ್ಟಿದ ದಿನ ಅವನಿಗೆ ಮತ್ತೆ ಬರಲು ನೆಪ ಉಳಿಯಲಿಲ್ಲ. ಸೇಬಿನ ಸೈಡರ್ ಕುಡಿದು ಲೋಟ ಕೆಳಗಿಟ್ಟು, ಮದುವೆಯಾಗಿ ತನ್ನ ಮನೆಗೆ ಬರುತ್ತೀರಾ ಎಂದು ಕೇಳಿಯೇಬಿಟ್ಟ. ನಾನೇನು ಹೇಳಿದೆ ಗೊತ್ತೇ? ಬಾನಿ ಬಿಟ್ಟು ಹೇಗೆ ಬರಲಿ ಎಂದೆ. ನಲವತ್ತು ದಾಟಿದ ಹೆಂಗಸಿನ ಬಾಯಲ್ಲಿ ಬಂದ ಉತ್ತರ ಅದು. ಬಾನಿ ಈ ಮನೆಯದು ಎಂದು ಅಣ್ಣ ಮೊದಲೇ ಹೇಳಿದ್ದಾನೆ, ತಪ್ಪೂ ಅಲ್ಲ, ಅವನ ಮಕ್ಕಳ ಕಾಲುಚೀಲಗಳೆಲ್ಲ ಅದರಿಂದಲೇ.

ಓಬೆಡ್, ತಾನು ಓಕ್ ಮರದ ಹೊಸ ಬಾನಿ ಮಾಡುತ್ತೇನೆ, ಇದರಲ್ಲಿ ಅರ್ಧ ತೆಗೆದುಕೊಂಡು ಬನ್ನಿ ಎಂದ. ನೀನು ಮದುವೆಯಾಗಿ ಹೊರಟಾಗ ಅಮ್ಮ ಪುಟ್ಟ ಪೀಪಾಯಿಯಲ್ಲಿ ಕೊಟ್ಟ ಪಾಲು ದಾರಿಯಲ್ಲೇ ಸತ್ತಿತಲ್ಲ, ಅದಕ್ಕಾಗಿ ನೀನು ಅತ್ತು ಬರೆದ ಕಾಗದ ನೆನಪಾಯಿತು. ಆದರೂ ಹೇಳಿದೆ: "ಈ ನೀಲಿ ನಿಮ್ಮ ಮನೇಲಿ ಬದುಕಿದ್ರೆ ನಾನೂ ಬರ್ತೀನಿ. ಇಲ್ದಿದ್ರೆ ಇಲ್ಲ."

ಅವನು, "ಆಗ್ಲಿ" ಎಂದಷ್ಟೇ ಹೇಳಿ ಹೋದ. ಕಳೆದ ಗುರುವಾರ ಬಾನಿ ಸಿದ್ಧವಾಯಿತು. ಪಾಲನ್ನು ಕಂಬಳಿ ಹೊದಿಸಿ ಗಾಡಿಯಲ್ಲಿ ಒಯ್ದ, ಹಸುಗೂಸನ್ನು ಒಯ್ಯುವವನ ಹಾಗೆ. ಬಿಸಿ ಹೆಚ್ಚಾಗಬಾರದು, ತಣ್ಣಗಾಗಬಾರದು, ಮೆಲ್ಲಗೆ ಕಲಕಬೇಕು, ಎಲ್ಲವನ್ನೂ ಹೇಳಿಕೊಟ್ಟೆ. ದಿನದಿನಕ್ಕೂ ಹೊಸ ಮೂತ್ರ ಬೆರೆಸಬೇಕೆಂದಾಗ ಮಾತ್ರ ಅವನ ಮುಖ ನೋಡಬೇಕಿತ್ತು. ಒಂಟಿ ಗಂಡಸು, ತನ್ನೊಬ್ಬನದು ಸಾಲದೆಂದು ಬಕೆಟ್ ಹಿಡಿದು ನೆರೆಮನೆಗಳ ಬಾಗಿಲು ತಟ್ಟಿದ್ದಾನೆ. ಯಾಕೆಂದು ಕೇಳಿದವರಿಗೆ, "ಜೆರೂಷಾಗೆ" ಎಂದನಂತೆ. ಇನ್ನು ನಾನು ಈ ಊರಿನಲ್ಲಿ ತಲೆಯೆತ್ತಿ ನಡೆಯುವುದು ಹೇಗೆ ಹೇಳು.

ಟ್ಯಾಬಿತಾ, ನನ್ನ ಮನಸ್ಸು ನನಗೇ ತಿಳಿಯುತ್ತಿಲ್ಲ. ಒಂದು ಗಳಿಗೆ ಆ ನೀಲಿ ಬದುಕಲಿ ಎಂದು ಬೇಡುತ್ತೇನೆ. ಇನ್ನೊಂದು ಗಳಿಗೆ, ಅದು ಸತ್ತರೆ ನಾನು ಇಲ್ಲೇ ಅಮ್ಮನ ಮೂಲೆಯಲ್ಲಿ ಇದ್ದುಬಿಡಬಹುದು, ಯಾರೂ ನನ್ನನ್ನು ಏನೂ ಅನ್ನುವಂತಿಲ್ಲ ಎಂದುಕೊಳ್ಳುತ್ತೇನೆ. ಹೀಗೆ ಅಂದುಕೊಳ್ಳುವುದು ತಪ್ಪೇ? ನೀನಾದರೆ ಏನು ಮಾಡುತ್ತಿದ್ದೆ? ನಾಡಿದ್ದು ಹೋಗಿ ಮುಚ್ಚಳ ತೆಗೆದು ನೋಡುತ್ತೇನೆ. ಅದು ಹೇಳಿದಂತೆ ನಡೆಯುತ್ತೇನೆ.

ಸೈಲಸ್‌ಗೆ ನಾನು ಕೇಳಿದೆನೆಂದು ಹೇಳು, ಮಕ್ಕಳಿಗೆ ಮುತ್ತು ಕೊಡು.

ನೀಲಿ ಬೆರಳುಗಳ ನಿನ್ನ ಅಕ್ಕ,
ಜೆರೂಷಾ

ಗುರುವಾರ ಸಂಜೆ ಮತ್ತೆ ಬರೆದದ್ದು: ಹೋಗಿ ನೋಡಿ ಬಂದೆ. ಸತ್ತಿದೆ. ಹಸಿರಿಲ್ಲ, ನೊರೆಯಿಲ್ಲ, ಬೂದುಬಣ್ಣದ ನೀರು. ಎಲ್ಲಿ ತಣ್ಣಗಾಗುತ್ತದೋ ಎಂಬ ಭಯಕ್ಕೆ ಕೆಂಡ ಹೆಚ್ಚು ಒಟ್ಟಿ ಬೇಯಿಸಿಬಿಟ್ಟಿದ್ದಾನೆ. ಗೋಡೆಗೆ ಒರಗಿ ನಿಂತು, "ನೀಲಿ ಬದುಕಿದ್ರೆ ಮಾತ್ರ ಅಂದಿದ್ರಿ. ಬನ್ನಿ ಅಂತ ನಾನಿನ್ನು ಕೇಳಲ್ಲ" ಎಂದ. ನಾನು ಅಂಗಿಯ ತೋಳು ಮೇಲಕ್ಕೆ ಮಡಚಿದೆ. ಇಬ್ಬರೂ ಬಾನಿಯನ್ನು ಹಿತ್ತಲಿಗೆ ಎಳೆದು ಚೆಲ್ಲಿದೆವು, ನಾನು ತೊಳೆದೆ, ಅವನು ನೀರು ಹೊಯ್ದ. ಆಮೇಲೆ ಹೇಳಿದೆ: "ನಾಳೆ ಅಣ್ಣನ ಮನೆಯಿಂದ ಇನ್ನೊಂದು ಪಾಲು ತಗೊಂಡು ಬನ್ನಿ. ಮದ್ವೆವರೆಗೂ ಅದು ಬದುಕಿದ್ರೆ ಒಳ್ಳೇದು. ಸತ್ರೆ, ಬಂದ್ಮೇಲೆ ನಾನೇ ಮತ್ತೆ ಹಾಕ್ತೀನಿ."