ಸ್ಟಾರ್ಟ್ ಆಗದ ಮೆಷಿನ್

ಜನವರಿ ೨೧, ಮಂಗಳವಾರ

ಪ್ರೀತಿಯ ತಮ್ಮನಿಗೆ,

ಅಕ್ಕನ ನೆನಪುಗಳು. ನೀನು, ನಿನ್ನ ಹೆಂಡತಿ, ಮಕ್ಕಳು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಮೂರು ಸಲ ಉತ್ತರ ಬರೆಯಲು ಕೂತೆ. ಮೂರು ಸಲವೂ "ನಾವಿಲ್ಲಿ ಆರಾಮ" ಅನ್ನುವಲ್ಲಿಗೆ ಬಂದು ಪೆನ್ನು ನಿಂತುಬಿಟ್ಟಿತು. ಎಷ್ಟು ಬೇಕಾದರೂ ಬೈದುಕೋ.

ನಿನ್ನ ಭಾವ ಆಸ್ಪತ್ರೆಯಲ್ಲಿದ್ದಾರೆ. ಗಾಬರಿ ಬೀಳಬೇಡ, ಜೀವಕ್ಕೇನೂ ಅಪಾಯವಿಲ್ಲ. ಆದರೆ ಮೊದಲಿನಿಂದ ಹೇಳದಿದ್ದರೆ ನಿನಗೆ ತಲೆಬುಡ ತಿಳಿಯುವುದಿಲ್ಲ.

ನೀನೂ ನಿನ್ನ ಭಾವನೂ ಹನ್ನೆರಡು ವರ್ಷ ಜೊತೆಯಲ್ಲಿ ಮರ ಕೊಯ್ದ ಆ ಹಳೇ ಮೆಷಿನ್ ಇದೆಯಲ್ಲ, ಚಳಿ ಶುರುವಾದಾಗಿನಿಂದ ಅದರದ್ದೇ ರಗಳೆ. ಬೆಳಿಗ್ಗೆ ಹಿತ್ತಿಲಲ್ಲಿ ಅದನ್ನು ನೆಲಕ್ಕಿಟ್ಟು, ಬೂಟುಗಾಲಲ್ಲಿ ಒತ್ತಿಹಿಡಿದು ಇವರು ಸ್ಟಾರ್ಟ್ ಮಾಡುವ ಹಗ್ಗ ಎಳೆಯುತ್ತಿದ್ದರು. ಹತ್ತು ಸಲ, ಹದಿನೈದು ಸಲ. ಒಮ್ಮೆ ಗುರ್ ಅನ್ನುವುದು, ಮತ್ತೆ ಗಪ್‌ಚಿಪ್. "ದರಿದ್ರದ್ದು, ನನ್ನ ಜೊತೇಲೇ ಮುದಿಯಾಯ್ತು" ಅಂತ ಅದಕ್ಕೆ ಬೈಗುಳದ ಅಭಿಷೇಕ.

ಆ ಮೆಷಿನ್ನಿನ ಜಾತಕ ನನಗೂ ಗೊತ್ತು, ನೀನೇ ತಾನೇ ಕಲಿಸಿದ್ದು. ಟ್ಯಾಂಕಿನ ಹಳೇ ಪೆಟ್ರೋಲ್ ತೆಗೆದು, ಹೊಸದಕ್ಕೆ ಆಯಿಲ್ ಬೆರೆಸಿ ಹಾಕಿದೆ. ಏರ್ ಫಿಲ್ಟರಿನಲ್ಲಿ ಕೂತಿದ್ದ ಮರದ ಪುಡಿಯನ್ನು ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿದೆ. ಪ್ಲಗ್ ಬಿಚ್ಚಿ ನೋಡಿದರೆ ಪೆಟ್ರೋಲಿನಲ್ಲಿ ಒದ್ದೆ. ಒರೆಸಿ ಹಾಕಿದೆ, ಮಾರನೇ ದಿನ ಹೊಸದನ್ನೇ ತಂದು ಹಾಕಿದೆ. ಊಹೂಂ. ಸಾಕಾಗಿ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ನಾವು ಗ್ರೀಸ್ ಮಾಮ ಅಂತ ಕರೆಯುತ್ತಿದ್ದೆವಲ್ಲ, ಅವರ ಅಂಗಡಿಗೇ. ಅವರು ಕಾರ್ಬ್ಯುರೇಟರ್ ಬಿಚ್ಚಿ ನೋಡಿ, ಮತ್ತೆ ಜೋಡಿಸಿ, ಹಗ್ಗ ಎಳೆದರು. ಎರಡನೇ ಸಲಕ್ಕೇ ಅಂಗಡಿ ಅದುರುವ ಹಾಗೆ ಸ್ಟಾರ್ಟ್ ಆಯಿತು.

"ಇದಕ್ಕೆ ಯಾವ ಕಾಯಿಲೆನೂ ಇಲ್ಲಮ್ಮ. ಹಗ್ಗನ ರಪ್ ಅಂತ ಎಳೀಬೇಕು. ಮೆಲ್ಲಗೆ ಎಳೆದ್ರೆ ಕಿಡಿ ಸಾಲೋದಿಲ್ಲ, ಪೆಟ್ರೋಲ್ ಸುಮ್ಮನೆ ಒಳಗೆ ತುಂಬ್ಕೊಳ್ಳುತ್ತೆ" ಅಂದರು. ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಕೇಳಿದರು, "ಮನೇಲಿ ಇದನ್ನ ಯಾರು ಎಳೀತಾರೆ?"

ತಮ್ಮಾ, ದುಡ್ಡು ಕೊಟ್ಟು ಮೆಷಿನ್ ಎತ್ತಿಕೊಂಡು ಹೊರಟೆ. ಇಂಥದ್ದನ್ನು ಒಂದು ಕೈಯಲ್ಲಿ ತೂಗಾಡಿಸಿಕೊಂಡು ಏಣಿ ಹತ್ತುತ್ತಿದ್ದ ಮನುಷ್ಯ ನಿನ್ನ ಭಾವ.

ಮನೆಗೆ ಬಂದವಳು ಮೆಷಿನ್ ನೋಡುವುದು ಬಿಟ್ಟು ಅವರನ್ನು ನೋಡತೊಡಗಿದೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಗೋಡೆ ಕಡೆ ತಿರುಗುತ್ತಿದ್ದರು. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಬೆರಳ ತುದಿಗಳು ಮೇಣದ ಹಾಗೆ ಬೆಳ್ಳಗೆ. "ಕೈಗೇನಾಯ್ತು?" ಅಂದರೆ "ಚಳಿ ಕಣೆ" ಅನ್ನುವುದು. ಒಂದು ದಿನ ಗಡ್ಡ ಹೆರೆಯುವಾಗ ಕೆನ್ನೆ ಕೊಯ್ದುಕೊಂಡರು. ಹತ್ತಿಗೆಂದು ಅವರ ಶೇವಿಂಗ್ ಡಬ್ಬಿ ತೆಗೆದರೆ ತಳದಲ್ಲಿ ಡಾಕ್ಟರ ಚೀಟಿ. ಆಗಸ್ಟ್ ತಿಂಗಳದ್ದು!

ಅವರಿಗೆ ಹೇಳದೆ ಡಾಕ್ಟರ ಹತ್ತಿರ ಹೋದೆ. "ವರ್ಷಗಟ್ಟಲೆ ಮೆಷಿನ್ ಅದುರಿ ಅದುರಿ ಬೆರಳಿನ ನರಗಳು ಕೆಟ್ಟಿವೆ. ಹಿಡಿತ ಯಾವಾಗ ತಪ್ಪುತ್ತೆ ಅಂತ ಅವರಿಗೇ ಗೊತ್ತಾಗೋದಿಲ್ಲ. ಇನ್ನು ಆ ಮೆಷಿನ್ ಮುಟ್ಟಲೇಬೇಡಿ ಅಂತ ಆಗಲೇ ಹೇಳಿದ್ದೆ. ನಿಮಗೆ ಹೇಳಲಿಲ್ವಾ?" ಅಂದರು ಆಕೆ.

ಮನೆಗೆ ಬಂದು ಚೀಟಿಯನ್ನು ಅವರ ಮುಂದಿಟ್ಟೆ. ಅದನ್ನು ಮಡಚಿ ಜೇಬಿಗಿಟ್ಟುಕೊಂಡರು. ಆಮೇಲೆ, "ಮೂವತ್ತು ವರ್ಷ ಮರದ ಮೇಲಿದ್ದೋನು ನಾನು. ಈಗ ಕೆಳಗೆ ನಿಂತು ಎಲೆ ಗುಡಿಸಲಾ? ಲೈಬ್ರರಿ ಕಾಂಪೌಂಡಿನ ಒಣಮರ ಒಂದು ಒಪ್ಕೊಂಡಿದೀನಿ. ಅದು ಮುಗೀಲಿ, ಬಿಟ್ಟುಬಿಡ್ತೀನಿ" ಅಂದರು. ಜಗಳವಾಡಿದೆ, ಅತ್ತು ಕರೆದೆ, ಎರಡು ದಿನ ಮಾತು ಬಿಟ್ಟೆ. ಅವರು ಜಗ್ಗಲಿಲ್ಲ. ಕೊನೆಗೆ ಕೊಂಬೆಗೆ ಕಟ್ಟಿದ ಹಗ್ಗ ಹಿಡಿಯಲು ನಾನೇ ಬರುತ್ತೇನೆ ಅಂದೆ. ನೀನು ಬಿಟ್ಟುಹೋದ ಜಾಗ ಅದು.

ಹೋದ ಗುರುವಾರ ಬೆಳಿಗ್ಗೆ. ಗಾಳಿಯೇ ಇರಲಿಲ್ಲ. ಲೈಬ್ರರಿಯವರು, ಕೂಲಿಯವರು ನಾಲ್ಕು ಜನ, ಸುತ್ತ ನಿಂತಿದ್ದರು. ಮೆಷಿನ್ ಸ್ಟಾರ್ಟ್ ಆಯಿತು. ಇವರು ಏಣಿ ಹತ್ತಿದರು. ಮೊದಲ ಎರಡು ಕೊಂಬೆ ಬೆಣ್ಣೆಯ ಹಾಗೆ ಕೊಯ್ದರು. ಮೇಲಿಂದ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು, ನೋಡಿದೆಯಾ ಅನ್ನುವ ಹಾಗೆ. ಮೂರನೆಯದರ ಅರ್ಧಕ್ಕೆ ಬಂದಾಗ ನನ್ನ ಕಣ್ಣು ಅವರ ಎಡಗೈ ಮೇಲೇ ಇತ್ತು. ಬೆರಳುಗಳು ಒಂದೊಂದಾಗಿ ತೆರೆದುಕೊಂಡವು. ಕೂಗಿದೆ. ಆ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಮೆಷಿನ್ ಎಗರಿ ಬಂದು ಅವರ ತೊಡೆಗೆ ಬಿತ್ತು.

ಮೂವತ್ತೊಂದು ಹೊಲಿಗೆ. ಮಂಡಿ ಇನ್ನು ಪೂರ್ತಿ ಮಡಚುವುದಿಲ್ಲವಂತೆ. ಊರುಗೋಲು ಹಿಡಿದು ನಡೆಯಬಹುದಂತೆ, ಅದೂ ಆ ಕೈಯಲ್ಲಿ ಹಿಡಿಯಲಾದರೆ. ನೋಡಲು ಬಂದವರೆಲ್ಲ "ಹಳೇ ಮೆಷಿನ್, ಕೈಕೊಟ್ಟಿತು" ಅನ್ನುತ್ತಾರೆ. ಇವರು ಹೂಂ ಅನ್ನುತ್ತಾರೆ.

ನಿಮ್ಮಿಬ್ಬರ ನಡುವೆ ಏನೇ ಆಗಿದ್ದರೂ ರಜೆ ಹಾಕಿ ಒಮ್ಮೆ ಬಂದು ಹೋಗು. ಬಾಯಲ್ಲಿ ಹೇಳುವುದಿಲ್ಲ, ವಾರ್ಡಿನ ಬಾಗಿಲು ಸದ್ದಾದರೆ ತಲೆಯೆತ್ತಿ ನೋಡುತ್ತಾರೆ. ಮಕ್ಕಳು ಚೆನ್ನಾಗಿ ಓದಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ,
ಅಕ್ಕ

ತಾ.ಕ.: ಲಕೋಟೆ ಅಂಟಿಸಲು ಮನಸ್ಸು ಒಪ್ಪುತ್ತಿಲ್ಲ. ಗುರುವಾರ ಅವರು ಮೆಷಿನ್ನಿನ ಹಗ್ಗ ಎಂಟು ಸಲ ಎಳೆದರು, ಸ್ಟಾರ್ಟ್ ಆಗಲಿಲ್ಲ. ಕೂಲಿಯವನೊಬ್ಬ ಮುಖ ತಿರುಗಿಸಿ ನಕ್ಕ. ಇವರು ನನ್ನ ಕಡೆ ನೋಡಿದರು, ಏನೂ ಕೇಳಲಿಲ್ಲ. ಡಾಕ್ಟರ ಮಾತು ಕಿವಿಯಲ್ಲೇ ಇತ್ತು, ಆದರೆ ಅವನ ಆ ನಗುವನ್ನು ನನ್ನಿಂದ ಸಹಿಸಲಾಗಲಿಲ್ಲ. ನಾನೇ ಹೋಗಿ ಮೆಷಿನ್ನಿಗೆ ಕಾಲಿಟ್ಟು ಹಗ್ಗ ಎಳೆದೆ. ಸ್ಟಾರ್ಟ್ ಆದದ್ದನ್ನು ಎತ್ತಿ ಅವರ ಕೈಗೆ ಕೊಟ್ಟೆ. ಆಸ್ಪತ್ರೆಯಲ್ಲಿ ಕೇಳಿದಾಗ "ನಾನೇ ಸ್ಟಾರ್ಟ್ ಮಾಡಿದೆ" ಅಂತ ಅವರು ಬರೆಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಸುಮ್ಮನಿದ್ದೆ.